ಕರಾಚಿಯಿಂದ ಮುಂಬಯಿಗೆ ಎಷ್ಟು ಹೊತ್ತು?

ನನ್ನ ತರಗತಿಯಲ್ಲಿ ಕುಳಿತವರಿಗೆ ನೆನಪಿರಬಹುದು. ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ದೊರೆಯುತ್ತದೆಂದು ನಾನು ಕಲಿಸುತ್ತಿದ್ದೆ. ಆ ಪಾಠಕ್ಕೆ ಇಂದು ಒಂದು ಮಾತು ಸೇರಿಸಬೇಕಾಗಿದೆ.

1932ರ ಅಕ್ಟೋಬರ್ 15ರ ಬೆಳಗ್ಗೆ ಜೆ.ಆರ್.ಡಿ. ಟಾಟಾ ಅವರು ಒಂದೇ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಅಂಚೆಯ ಚೀಲಗಳೊಡನೆ ಕರಾಚಿಯಿಂದ ಹೊರಟರು. ವೇಗ ಗಂಟೆಗೆ ಸುಮಾರು 160 ಕಿ.ಮೀ. ಅಹಮದಾಬಾದಿನಲ್ಲಿ ಇಳಿದು, ಎತ್ತಿನ ಗಾಡಿಯಲ್ಲಿ ಬಂದ ಇಂಧನವನ್ನು ತುಂಬಿಸಿಕೊಂಡು, ಮಧ್ಯಾಹ್ನ ಮುಂಬಯಿಯ ಜುಹು ತಲುಪಿದರು. ಒಟ್ಟು ಸುಮಾರು ಏಳು ಗಂಟೆ. ಮುಂದೆ ನೆವಿಲ್ ವಿನ್ಸೆಂಟ್ ಅವರು ಆ ಅಂಚೆಯನ್ನು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲಿತ್ತು.

ಕರಾಚಿ ಮತ್ತು ಮುಂಬಯಿಗಳ ನೇರ ಅಂತರ ಸುಮಾರು 880 ಕಿ.ಮೀ. ಜೆಟ್ ವಿಮಾನಕ್ಕೆ ಅದು ಒಂದೂವರೆ ಗಂಟೆಯ ಹಾದಿ. ಆದರೆ 1947ರಲ್ಲಿ ನಡುವೆ ಗಡಿ ಬಂದಿತು. ಕಾಲಕ್ರಮದಲ್ಲಿ ನೇರ ವಿಮಾನಗಳೂ ನಿಂತವು. 2025ರ ಏಪ್ರಿಲ್‌ನಲ್ಲಿ ಎರಡೂ ದೇಶಗಳು ಪರಸ್ಪರರ ವಿಮಾನಗಳಿಗೆ ತಮ್ಮ ಆಕಾಶವನ್ನೇ ಮುಚ್ಚಿದವು. ದುಬೈಯಲ್ಲಿ ವಿಮಾನ ಬದಲಿಸಿ ಹೋಗುವವರಿಗೆ ಹಾದಿ 3,000 ಕಿ.ಮೀ.ಗೂ ಮಿಗಿಲು, ಕಾಯುವ ಹೊತ್ತು ಸೇರಿದರೆ ಟಾಟಾ ಅವರ ಏಳು ಗಂಟೆಯನ್ನು ಮೀರುವುದೂ ಉಂಟು.

ವೇಗ ಐದು ಪಟ್ಟು ಹೆಚ್ಚಿತು, ಊರುಗಳು ಮಾತ್ರ ದೂರವಾದವು. ಸೂತ್ರ ತಪ್ಪಲ್ಲ, ಮಕ್ಕಳೇ. ಮನುಷ್ಯರು ಹಾಕಿಕೊಳ್ಳುವ ಬೇಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ನಾನು ಅಂದು ಹೇಳಿಕೊಡಲಿಲ್ಲ.