ಆದಾಯ ತೆರಿಗೆ ರಿಟರ್ನ್ಸ್: ಗಡುವು ಮೀರಿದವರಿಗೆ ಉಳಿಯುವ ದಾರಿ

ಮೈಸೂರು: ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಲು ಹೆಚ್ಚಿನ ಕಾಲಾವಕಾಶ ಕೋರಿ ಮುಂಚಿತವಾಗಿ ಅರ್ಜಿ ಹಾಕುವ ಪದ್ಧತಿ ಭಾರತದಲ್ಲಿ ಈಗ ಇಲ್ಲ. ಒಂದು ಕಾಲದಲ್ಲಿ ಆದಾಯ ತೆರಿಗೆ ಅಧಿಕಾರಿಗೆ ಅರ್ಜಿ ಬರೆದು ಗಡುವು ಮುಂದೂಡಿಸಿಕೊಳ್ಳಬಹುದಿತ್ತು. 1980ರ ದಶಕದ ಕೊನೆಯ ತಿದ್ದುಪಡಿಗಳೊಂದಿಗೆ ಆ ಅವಕಾಶ ಹೋಯಿತು. ಅಮೆರಿಕದಲ್ಲಿ ಮಾತ್ರ 4868ನೇ ನಮೂನೆ ಸಲ್ಲಿಸಿದವರಿಗೆ ಅಕ್ಟೋಬರ್ 15ರವರೆಗೆ ಸಮಯ ಸಿಗುತ್ತದೆ. ಮಕ್ಕಳು ಅಲ್ಲಿ ನೆಲೆಸಿರುವ ಮೈಸೂರಿನ ಹಿರಿಯರು ಇದನ್ನು ಕೇಳಿ ಇಲ್ಲಿಯೂ ಹಾಗೆಯೇ ಎಂದು ನಂಬಿ ಕೂರಬಾರದು.

ಇಲ್ಲಿ ಗಡುವು ವಿಸ್ತರಿಸುವ ಅಧಿಕಾರ ಕೇಂದ್ರ ನೇರ ತೆರಿಗೆ ಮಂಡಳಿಯದು. ವಿಸ್ತರಣೆ ಎಲ್ಲರಿಗೂ ಒಟ್ಟಾಗಿ ಅನ್ವಯಿಸುತ್ತದೆ. 2025ರಲ್ಲಿ ಜುಲೈ 31ರ ಗಡುವು ಸೆಪ್ಟೆಂಬರ್ 15ಕ್ಕೆ ಹೋಗಿ, ಕೊನೆಗೆ ಇನ್ನೊಂದೇ ದಿನ ಬೆಳೆಯಿತು. ಅದೇ ತಿಂಗಳು ಲೆಕ್ಕಪರಿಶೋಧಕರ ಮನವಿಯ ಮೇರೆಗೆ ಕರ್ನಾಟಕ ಹೈಕೋರ್ಟ್ ಲೆಕ್ಕಪರಿಶೋಧನಾ ವರದಿಯ ಅವಧಿಯನ್ನು ಒಂದು ತಿಂಗಳು ಮುಂದೂಡಲು ಸೂಚಿಸಿತು. ಇಂಥ ವಿಸ್ತರಣೆ ಪ್ರತಿ ವರ್ಷವೂ ಬರುತ್ತದೆಂಬ ಭರವಸೆಯಿಲ್ಲ.

ಗಡುವು ಮೀರಿದರೂ ಡಿಸೆಂಬರ್ 31ರವರೆಗೆ ವಿಳಂಬಿತ ರಿಟರ್ನ್ಸ್‌ಗೆ ಅವಕಾಶವುಂಟು. ಶುಲ್ಕ 5,000 ರೂಪಾಯಿ. ಒಟ್ಟು ಆದಾಯ 5 ಲಕ್ಷ ಮೀರದಿದ್ದರೆ 1,000. ತೆರಿಗೆ ಬಾಕಿಯಿದ್ದರೆ ತಿಂಗಳಿಗೆ ಶೇ. 1ರಷ್ಟು ಬಡ್ಡಿ. ಸಂಬಳದಾರರು, ಪಿಂಚಣಿದಾರರು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಳ್ಳುವ ಹಕ್ಕನ್ನೂ ಕಳೆದುಕೊಳ್ಳುತ್ತಾರೆ. ಗೃಹಸಾಲದ ಬಡ್ಡಿ, ವಿಮೆ, ಭವಿಷ್ಯನಿಧಿಯ ವಿನಾಯಿತಿ ನೆಚ್ಚಿಕೊಂಡವರಿಗೆ ಈ ನಷ್ಟ ಶುಲ್ಕಕ್ಕಿಂತ ದೊಡ್ಡದಾಗಬಹುದು.

ಡಿಸೆಂಬರ್ 31 ಸಹ ದಾಟಿದರೆ ತೊಂದರೆ ಹೆಚ್ಚು. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದ ಪಿಂಚಣಿದಾರರೊಬ್ಬರ ಠೇವಣಿ ಬಡ್ಡಿಯಲ್ಲಿ ಬ್ಯಾಂಕು ತೆರಿಗೆ ಮುರಿದುಕೊಂಡಿದೆ ಎನ್ನೋಣ. ಅವರ ಆದಾಯಕ್ಕೆ ತೆರಿಗೆಯೇ ಬಾರದಿದ್ದರೂ ರಿಟರ್ನ್ಸ್ ಇಲ್ಲದೆ ಆ ಹಣ ಮರಳುವುದಿಲ್ಲ. 2022ರಲ್ಲಿ ಬಂದ ಪರಿಷ್ಕೃತ ಕಾಲಾವಕಾಶದ ರಿಟರ್ನ್ಸ್, ಅಂದರೆ ಅಪ್‌ಡೇಟೆಡ್ ರಿಟರ್ನ್, ಇವರ ನೆರವಿಗೆ ಬಾರದು. ಅದು ಹೆಚ್ಚುವರಿ ತೆರಿಗೆ ಕಟ್ಟುವವರಿಗೆ, ಮರುಪಾವತಿ ಕೇಳುವವರಿಗಲ್ಲ.

ಇವರಿಗೆ ಉಳಿಯುವುದು 1961ರ ಕಾಯಿದೆಯ 119(2)(ಬಿ) ಕಲಮಿನಡಿ ವಿಳಂಬ ಮನ್ನಾ ಕೋರಿಕೆ. ಇಲಾಖೆಯ ಇ-ಫೈಲಿಂಗ್ ತಾಣದಲ್ಲಿಯೇ ಅರ್ಜಿ ಸಲ್ಲಿಸಬಹುದು. ಮಂಡಳಿಯ 2024ರ ಅಕ್ಟೋಬರ್ 1ರ ಸುತ್ತೋಲೆಯಂತೆ 1 ಕೋಟಿ ರೂಪಾಯಿವರೆಗಿನ ಕೋರಿಕೆಯನ್ನು ಪ್ರಧಾನ ಆಯುಕ್ತರು ಅಥವಾ ಆಯುಕ್ತರು ತೀರ್ಮಾನಿಸುತ್ತಾರೆ. ಕರನಿರ್ಧಾರಣೆ ವರ್ಷ ಮುಗಿದು 5 ವರ್ಷದೊಳಗೆ ಅರ್ಜಿ ಹಾಕಬೇಕು. ಮೊದಲು 6 ವರ್ಷವಿತ್ತು. ಸಾಧ್ಯವಾದಷ್ಟೂ 6 ತಿಂಗಳಲ್ಲಿ ಇತ್ಯರ್ಥವಾಗಬೇಕೆಂಬ ಸೂಚನೆಯಿದೆ.

ನಿಜವಾದ ಕಷ್ಟವಿತ್ತೆಂಬುದನ್ನು ಅರ್ಜಿದಾರರೇ ತೋರಿಸಬೇಕು. ಆಸ್ಪತ್ರೆಯ ಬಿಡುಗಡೆ ಪತ್ರ, ಮನೆಯಲ್ಲಿ ಸಾವಾಗಿದ್ದರೆ ಮರಣ ಪ್ರಮಾಣಪತ್ರ, ತೆರಿಗೆ ಕಡಿತದ ದಾಖಲೆ, ಬ್ಯಾಂಕಿನ ವಿವರ ಜೊತೆಗಿರಲಿ. ದಿನಾಂಕ ಮರೆತೆನೆಂಬ ಒಂದು ಸಾಲಿನ ವಿವರಣೆ ಸಾಲದು. ಮನ್ನಾ ದೊರೆತರೂ ತಡವಾದ ಮರುಪಾವತಿಗೆ ಬಡ್ಡಿ ಸಿಗುವುದಿಲ್ಲ.

ಮನ್ನಾ ಆದೇಶ ಬಂದ ಮೇಲೆ ರಿಟರ್ನ್ಸ್ ಸಲ್ಲಿಸಿ, 30 ದಿನದೊಳಗೆ ಆಧಾರ್ ಒಟಿಪಿ ಮುಂತಾದ ವಿಧಾನದಿಂದ ದೃಢೀಕರಿಸಬೇಕು.