ಬಂದೂಕಿನ ಕಣ್ಣು, ಜೇಡದ ನೂಲು, ಕಿಟ್ ಕಿಟ್ ತಿರುಪು

ಹೋದ ಸಲ ಬೀಸೋ ಕಲ್ಲಿನ ಕಥಿ ಬರದಿದ್ದೆ, ಈ ಸಲ ಬಂದೂಕಿನ ಕಥಿ. ಬಂದೂಕು ಅಂದ ಕೂಡ್ಲೆ ಮಾರಿ ತಿರುವಬ್ಯಾಡ್ರಿ. ನಾ ಬರಿಯೋದು ಗುಂಡಿನ ಬಗ್ಗೆ ಅಲ್ಲ, ಬಂದೂಕಿನ ಕಣ್ಣಿನ ಬಗ್ಗೆ. ಬಂದೂಕಿನ ಮ್ಯಾಲೆ ಸಣ್ಣ ದುರ್ಬೀನು ಕೂಡ್ಸಿರ್ತಾರಲ್ಲ, ಅದಕ್ಕ ಸ್ಕೋಪ್ ಅಂತಾರ. ಅದರ ನೆತ್ತಿ ಮ್ಯಾಲೆ ಒಂದು, ಪಕ್ಕದಾಗ ಒಂದು ತಿರುಪು ಇರ್ತಾವು. ತಿರುವಿದ್ರ ಕಿಟ್ ಕಿಟ್ ಅಂತಾವು. ನಮ್ಮ ಹೊಲಿಗಿ ಮಷೀನಿನ ಟೆನ್ಷನ್ ತಿರುಪು ನೋಡಿದೋರಿಗೆ ಇದು ಹೊಸದಲ್ಲ. ದಾರ ಬಿಗಿ ಆದ್ರ ಒಂದು ಗೆರಿ ಸಡ್ಲ, ಸಡ್ಲ ಆದ್ರ ಒಂದು ಗೆರಿ ಬಿಗಿ. ಇಲ್ಲಿ ದಾರದ ಬದ್ಲಿ ನೋಟ ಇರ್ತತಿ, ಅಷ್ಟ.

ಮೊದ್ಲು ಈ ತಿರುಪು ಯಾಕ ಬೇಕು ಅನ್ನೋದು ಹೇಳ್ತೀನಿ. ಹುಣಸಿ ಮರಕ್ಕ ಕಲ್ಲು ಒಗದೋರಿಗೆ ಇದು ಗೊತ್ತು. ಕಾಯಿ ಎಲ್ಲೈತೋ ನೆಟ್ಟಗ ಅಲ್ಲಿಗೇ ಒಗದ್ರ ಕಲ್ಲು ಕೆಳಗ ಬೀಳ್ತತಿ, ಒಂಚೂರು ಮ್ಯಾಲೆ ಗುರಿ ಇಟ್ಟು ಒಗೀಬೇಕು. ಗುಂಡೂ ಹಂಗ. ಎಷ್ಟೇ ಜೋರು ಹೋದ್ರೂ ನಳಗಿ ಬಿಟ್ಟ ಗಳಿಗಿಯಿಂದ ಭೂಮಿ ಕಡಿ ಇಳೀತಿರ್ತತಿ. ಗಾಳಿ ಬೀಸಿದ್ರ ಪಕ್ಕಕ್ಕ ಸರೀತತಿ. ಕಣ್ಣಿನ ನೋಟ ಮಾತ್ರ ನೆಟ್ಟಗ ಹೋಗ್ತತಿ. ಇಳಿಯೋ ಗುಂಡು, ನೆಟ್ಟಗಿನ ನೋಟ, ಇವೆರಡೂ ಗುರಿ ಇದ್ದಲ್ಲೇ ಕೂಡಬೇಕು. ಅದಕ್ಕ ನೋಟದ ಕೋನ ಒಂದು ಕೂದಲೆಳಿಯಷ್ಟು ಬದಲ್ ಮಾಡಬೇಕಾಗ್ತತಿ. ಆ ಕೂದಲೆಳಿ ಬದಲ್ ಮಾಡೋದೇ ಈ ತಿರುಪಿನ ಕೆಲಸ.

ಇದರ ಕಥಿ ಶುರು ಆಗೋದು ಜೇಡದಿಂದ. 1640ರ ಹೊತ್ತಿಗೆ ಇಂಗ್ಲೆಂಡಿನಾಗ ವಿಲಿಯಂ ಗ್ಯಾಸ್ಕೊಯ್ನ್ ಅಂತ ಒಬ್ಬ ಹುಡುಗ ಇದ್ದ, ನಕ್ಷತ್ರ ನೋಡೋ ಹುಚ್ಚು. ಅವನ ದುರ್ಬೀನಿನೊಳಗ ಒಂದು ಜೇಡ ನೂಲು ಎಳದಿತ್ತಂತ. ಕಣ್ಣಿಟ್ಟು ನೋಡಿದ್ರ ದೂರದ ವಸ್ತು ಎಷ್ಟು ಸ್ಪಷ್ಟ ಕಾಣ್ತತೋ ಆ ನೂಲೂ ಅಷ್ಟೇ ಸ್ಪಷ್ಟ ಕಂಡಿತು. ನಾವಾಗಿದ್ರ ಪೊರಕಿ ತಗೊಂಡು ಝಾಡಿಸ್ತಿದ್ವಿ. ಅವನು ಯೋಚ್ನಿ ಮಾಡಿದ. ನೂಲು ಮಸೂರದ ನೋಟ ಕೂಡೋ ಜಾಗದಾಗ ಐತಿ, ಅದಕ್ಕ ಹಿಂಗ ಕಾಣ್ತತಿ, ಹಂಗಾದ್ರ ಆ ಜಾಗದಾಗ ಬೇಕಂತಲೇ ನೂಲು ಇಟ್ರ ಗುರಿಗೆ ಗೆರಿ ಸಿಕ್ಕಂಗಾತು! ಮುಂದ ತಿರುಪು ಹಾಕಿ ಆ ಗುರುತು ಸರಿಸಿ ಅಳಿಯೋ ಉಪಕರಣಾನೂ ಮಾಡಿದ. 1644ರಾಗ ಮಾರ್ಸ್ಟನ್ ಮೂರ್ ಅನ್ನೋ ಕಾಳಗದಾಗ ಸತ್ತ. ನೂಲು, ತಿರುಪು ಎರಡೂ ಉಳದ್ವು.

ಆ ನೂಲು-ತಿರುಪು ನಮ್ಮ ನಾಡಿಗೆ ಬಂದದ್ದು ಬಂದೂಕಿನ ಮ್ಯಾಲೆ ಅಲ್ಲ, ಭೂಮಿ ಅಳಿಯೋ ಯಂತ್ರದಾಗ. 1799ರಾಗ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ತೀರಿಕೊಂಡ. ಮರುವರ್ಷ 1800ರಾಗ ನಿಜಾಮ ನಮ್ಮ ಬಳ್ಳಾರಿ ಸೀಮಿ ಕಂಪನಿಗೆ ಬಿಟ್ಟುಕೊಟ್ಟ. ಅದೇ ವರ್ಷ ವಿಲಿಯಂ ಲ್ಯಾಂಬ್ಟನ್ ಅನ್ನೋ ಸೇನಾ ಅಧಿಕಾರಿ ಬೆಂಗಳೂರಿನ ಹತ್ರ ಬಯಲಾಗ ಉಕ್ಕಿನ ಸರಪಳಿ ಹಾಸಿ ಸುಮಾರು 7 ಮೈಲಿ ಉದ್ದದ ಗೆರಿ ಅಳದ. ಮುಂದ 1802ರಾಗ ಮದ್ರಾಸಿನ ಹತ್ರ ದೊಡ್ಡ ಅಳತಿ ಶುರು ಆತು. ಅದಕ್ಕಂತ ಲಂಡನ್ನಿನ ವಿಲಿಯಂ ಕ್ಯಾರಿ ಮಾಡಿದ ಥಿಯೋಡೊಲೈಟ್ ತರಿಸಿದ್ರು. ಅರ್ಧ ಟನ್ ಭಾರ, 3 ಅಡಿ ಅಗಲದ ಚಕ್ರ, ಅದರ ಮ್ಯಾಲೆ ದುರ್ಬೀನು, ದುರ್ಬೀನಿನೊಳಗ ಗುರಿ ಗೆರಿ. ದಾರ್ಯಾಗ ಫ್ರೆಂಚರು ಹಡಗು ಹಿಡದು ಮಾರಿಷಸ್‌ಗೆ ಒಯ್ದಿದ್ರು, ಆಮ್ಯಾಲೆ ಇದು ಯುದ್ಧದ ಸಾಮಾನಲ್ಲ ಅಂತ ತಿಳದು ಮರ್ಯಾದಿಯಿಂದ ಬಿಟ್ಟುಕೊಟ್ರು.

1808ರಾಗ ತಂಜಾವೂರಾಗ ಆ ಯಂತ್ರವನ್ನ ದೇವಸ್ಥಾನದ ಗೋಪುರಕ್ಕ ಏರಿಸೋ ಹೊತ್ತಿಗೆ ಹಗ್ಗ ಹರದು ಗೋಡಿಗೆ ಬಡೀತು. ಚಕ್ರ ಸೊಟ್ಟಗಾತು. ಎಲ್ಲಾರೂ ಮುಗೀತು ಅಂದ್ಕೊಂಡ್ರು. ಲ್ಯಾಂಬ್ಟನ್ ಮಾತ್ರ ಡೇರೆದಾಗ ಕುಂತು ಸುಮಾರು ಆರು ವಾರ ಬೆಣಿ, ತಿರುಪು, ರಾಟಿ ಹಾಕಿ ಎಳದೆಳದು ಅದನ್ನ ಮತ್ತ ದುಂಡಗ ಮಾಡಿದ. ಅದೇ ಯಂತ್ರ ತಗೊಂಡು ಕೆಲಸ ಮುಂದುವರಿಸಿದ. 1811ರಾಗ ನಮ್ಮ ಬಳ್ಳಾರಿ ಪಕ್ಕದ ಗುತ್ತಿ ಹತ್ರ ಇನ್ನೊಂದು ಗೆರಿ ಅಳದ. ಮುಂದ ಎವರೆಸ್ಟ್ ಕಾಲಕ್ಕ ಇಂಥ ಯಂತ್ರಗಳನ್ನ ರಿಪೇರಿ ಮಾಡಿ ಕೊಟ್ಟವರು ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್. ಬೆಟ್ಟಕ್ಕ ಎವರೆಸ್ಟ್ ಹೆಸರು ಇಟ್ರು, ಯಂತ್ರ ಸರಿ ಮಾಡಿದ ಕೈ ಹೆಸರು ಎಷ್ಟು ಜನಕ್ಕ ಗೊತ್ತು? ಅದಕ್ಕ ನಾ ಇಲ್ಲಿ ಬರದೆ.

ನಮ್ಮ ಹರಪನಹಳ್ಳಿ ತಾಲೂಕು ಬಳ್ಳಾರಿಯಿಂದ 1997ರಾಗ ದಾವಣಗೆರಿಗೆ ಹೋತು, ಮತ್ತ ಬಳ್ಳಾರಿಗೆ ಬಂತು, 2021ರಾಗ ವಿಜಯನಗರ ಜಿಲ್ಲೆ ಆತು. ತವರುಮನಿ-ಗಂಡನಮನಿ ಓಡಾಡಿದಂಗ. ಆದ್ರ ಉಚ್ಚಂಗಿದುರ್ಗ ಇದ್ದಲ್ಲೇ ಐತಿ. ಗುಡ್ಡ ಗುಡ್ಡಕ್ಕ ನೋಟ ಹಾಯಿಸಿ ಕೋನ ಹಿಡಿಯೋ ಅಳತಿ ನಂಬಿಕಿ ನಿಂತದ್ದೇ ಇದರ ಮ್ಯಾಲೆ. ಜಿಲ್ಲೆ ಸರಿದ್ರೂ ಗುಡ್ಡ ಸರಿಯಂಗಿಲ್ಲ.

ಇನ್ನ ಬಂದೂಕಿಗೆ ಬರೋಣ. 1830-40ರ ಸುಮಾರಿಗೆ ಅಮೆರಿಕದಾಗ ಜಾನ್ ಚಾಪ್ಮನ್, ಮಾರ್ಗನ್ ಜೇಮ್ಸ್ ಅನ್ನೋರು ಬಂದೂಕಿನ ಉದ್ದಕ್ಕ ದುರ್ಬೀನಿನ ಕೊಳವಿ ಕಟ್ಟಿದ್ರು. ನಮ್ಮ ಕಡಿ ಮುಂಬೈ ಸೈನ್ಯದಾಗಿದ್ದ ಡೇವಿಡ್ ಡೇವಿಡ್ಸನ್ ಅನ್ನೋ ಅಧಿಕಾರಿನೂ ಬಂದೂಕಿಗೆ ದುರ್ಬೀನು ಕೂಡಿಸೋ ಕೆಲಸ ಮಾಡಿದೋನು. 1855ರಾಗ ವಿಲಿಯಂ ಮಾಲ್ಕಮ್ ಇನ್ನೂ ಒಳ್ಳೆ ಮಸೂರ ಹಾಕಿ ಮಾಡಿದ. ಆದ್ರ ಆಗೆಲ್ಲ ತಿರುಪು ಇರ್ತಿದ್ದದ್ದು ಹೊರಗ, ಕೊಳವಿ ಹಿಡದಿರೋ ಕಟ್ಟಿನಾಗ. ತಿರುವಿದ್ರ ಇಡೀ ಕೊಳವೀನೇ ಏಳ್ತಿತ್ತು, ಇಳೀತಿತ್ತು. ಮಳಿ, ಧೂಳು, ಒಂದು ಪೆಟ್ಟು, ಯಾವುದಾದ್ರೂ ಬಿದ್ರ ಲೆಕ್ಕ ತಪ್ತಿತ್ತು. ಹೊಲಿಗಿ ಮಷೀನಿನ ಟೆನ್ಷನ್ ಸರಿ ಮಾಡಾಕ ಇಡೀ ಮಷೀನು ಎತ್ತಿ ಇಟ್ಟಂಗ.

ಆಮ್ಯಾಲೆ ತಿರುಪು ಒಳಗ ಹೋತು. 1930ರಾಗ ಅಮೆರಿಕದ ಬಿಲ್ ವೀವರ್ ಬಡವರಿಗೂ ಎಟಕೋ ಬೆಲಿಗೆ ಒಳತಿರುಪಿನ ಸ್ಕೋಪ್ ಮಾಡಿ ಮಾರಿದ. ಲ್ಯುಪೋಲ್ಡ್ ಅನ್ನೋ ಕಂಪನಿದು ಇನ್ನೂ ಚೆಂದ. 1907ರಾಗ ಅದು ಶುರು ಆದದ್ದು ಭೂಮಿ ಅಳಿಯೋ ಯಂತ್ರ ರಿಪೇರಿ ಮಾಡೋ ಅಂಗಡಿ ಆಗಿ! ಬಂದೂಕಿನ ಸ್ಕೋಪ್ ಮಾಡಿದ್ದು 1947ರಾಗ. ನೋಡ್ರಿ, ಹೊಲ ಅಳಿಯೋ ಕಣ್ಣು, ಬಂದೂಕಿನ ಕಣ್ಣು ಒಂದೇ ಮನ್ಯಾಗ ಬೆಳದ ಅಕ್ಕ-ತಂಗಿ. ನಮ್ಮಲ್ಲೂ ಅಂಥದ್ದು ಐತಿ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1954ರಾಗ ಹುಟ್ಟಿದ್ದು. 1983ರಾಗ ಅದು ಮಚಲೀಪಟ್ಟಣದ ಆಂಧ್ರ ಸೈಂಟಿಫಿಕ್ ಅನ್ನೋ ವಿಜ್ಞಾನ ಉಪಕರಣದ ಕಂಪನಿ ತಗೊಂಡಿತು. ಈಗ ಅಲ್ಲಿ ಸೈನ್ಯಕ್ಕ ಕತ್ತಲ್ಯಾಗ ಕಾಣೋ ಕಣ್ಣು ಮಾಡ್ತಾರ.

ಒಳಗ ಹೆಂಗಿರ್ತತಿ ಅಂದ್ರ, ದೊಡ್ಡ ಕೊಳವಿಯೊಳಗ ಒಂದು ಸಣ್ಣ ಕೊಳವಿ. ಸಣ್ಣದರ ಒಂದು ತುದಿ ಕೀಲಿನ ಮ್ಯಾಲೆ ನಿಂತಿರ್ತತಿ, ಇನ್ನೊಂದು ತುದಿ ಆಡ್ತತಿ. ಒಂದು ಕಡಿಯಿಂದ ಸ್ಪ್ರಿಂಗ್ ನೂಕ್ತತಿ, ಎದುರಿನಿಂದ ಎರಡು ತಿರುಪು ತಡೀತಾವು. ನೆತ್ತಿ ತಿರುಪು ಮ್ಯಾಲೆ-ಕೆಳಗಿಂದು, ಪಕ್ಕದ್ದು ಎಡ-ಬಲದ್ದು. ತಿರುಪಿನ ಸುತ್ತ ಹಲ್ಲು, ಆ ಹಲ್ಲಿಗೆ ಕೂಡೋ ಒಂದು ಸಣ್ಣ ಗುಂಡು, ಅದೇ ಕಿಟ್ ಅನ್ನೋದು. ಒಂದು ಡಿಗ್ರಿಯಾಗ 60 ಮಿನಿಟು. ಗಡಿಯಾರದ್ದಲ್ಲ, ಕೋನದ ಮಿನಿಟು. ಬಹಳ ಸ್ಕೋಪಿನಾಗ ಒಂದು ಕಿಟ್ ಅಂದ್ರ ಕಾಲು ಮಿನಿಟು. 100 ಮೀಟರ್ ದೂರದಾಗ ಅದು ಸುಮಾರು 7 ಮಿಲಿಮೀಟರ್ ಸರಿಸ್ತತಿ. ನಾಲ್ಕು ಕಿಟ್ ಅಂದ್ರ ಹತ್ರ ಹತ್ರ 3 ಸೆಂಟಿಮೀಟರ್. ದೂರ ಎರಡು ಪಟ್ಟು ಆದ್ರ ಸರಿಯೋದೂ ಎರಡು ಪಟ್ಟು. ಕತ್ತಲ್ಯಾಗೂ ಬೆರಳಿಗೆ ಗೊತ್ತಾಗ್ಲಿ, ಲೆಕ್ಕ ಕಿವಿಗೆ ಬೀಳ್ಲಿ ಅಂತ ಈ ಸದ್ದು.

ಇಷ್ಟೆಲ್ಲ ನಾ ಯಾಕ ತಿಳ್ಕೊಂಡೆ ಅಂದ್ರ ನನ್ನ ತಮ್ಮನ ಮಗಳ ಸಲುವಾಗಿ. ಕಾಲೇಜಿನಾಗ ಎನ್‌ಸಿಸಿ ಸೇರ್ಯಾಳ. 1949ರಿಂದ ಹುಡುಗೇರಿಗೂ ಎನ್‌ಸಿಸಿ ಐತಿ, ಆದ್ರೂ ನಮ್ಮ ಓಣ್ಯಾಗ ಇದು ಹೊಸ ಸುದ್ದಿ. ಮೊದಲ ಸಲ ಗುರಿಗೆ ಹೊಡದಾಗ ಅಕಿ ಐದು ಗುಂಡೂ ನಡುಗುರಿ ಬಿಟ್ಟು ಎಡಗಡಿ ಕೆಳಗ ಬಿದ್ದಿದ್ವು. ಅಲ್ಲಿದ್ದ ಒಬ್ಬರು ‘ಹುಡುಗೇರ ಕೈ, ನಡಗ್ತತಿ’ ಅಂದ್ರಂತ. ಮನಿಗೆ ಬಂದು ಅಕಿ ಉಣ್ಣಲಿಲ್ಲ. ಮನ್ಯಾಗೂ ದೊಡ್ಡೋರು, ಹೆಂಗೂ ಆಗಲಿಲ್ಲ, ಕ್ಯಾಂಪಿಗೆ ಕಳಸೋದು ಬ್ಯಾಡ ಅಂತ ಮಾತು ಎತ್ತಿದ್ರು. ಮುಂದ ಪೊಲೀಸ್ ಪರೀಕ್ಷೆ ಬರೀಬೇಕಂತ ಅಕಿ ಆಸಿ. ಆ ಕ್ಯಾಂಪು ತಪ್ಪಿದ್ರ ಸರ್ಟಿಫಿಕೇಟೂ ತಪ್ತತಿ.

ಅಕಿ ಗುರಿ ಕಾಗದ ತಂದಿದ್ಲು. ನಾ ಅಡಿಗಿ ಮನಿ ಕಟ್ಟಿ ಮ್ಯಾಲೆ ಹಾಸಿ ನೋಡಿದೆ. ಐದೂ ತೂತು ಒಂದು ನಿಪ್ಪಟ್ಟಿನಷ್ಟು ಜಾಗದಾಗ ಕೂಡಿದ್ವು. ಸೈನ್ಯದಾಗ ಇದ್ದು ಬಂದ ನಮ್ಮ ಸಂಬಂಧಿಕರೊಬ್ಬರಿಗೆ ಫೋಟೋ ಕಳಿಸಿದೆ. ಅವರು ನಕ್ಕು ಹೇಳಿದ್ರು, ‘ಕೈ ನಡಗೋರ ತೂತು ಹಂಚಿ ಹೋಗ್ತಾವು. ಇವು ಒಂದೇ ಕಡಿ ಅದಾವ. ಕೈ ಗಟ್ಟಿ ಐತಿ, ಬಂದೂಕಿನ ಕಣ್ಣು ಸೊಟ್ಟ ಐತಿ.’ ಅಕಿ ಹೊಡದದ್ದು ದುರ್ಬೀನಿಲ್ಲದ ಸಾದಾ ಬಂದೂಕು, ಆದ್ರ ಲೆಕ್ಕ ಒಂದೇ. ಮೊದ್ಲು ಗುಂಪು ನೋಡಬೇಕು, ಆಮ್ಯಾಲೆ ಗುಂಪಿನ ನಡು ಗುರಿಯಿಂದ ಎಷ್ಟು ದೂರ ಐತಿ ಅಂತ ಅಳದು ಸೈಟು ಸರಿಸಬೇಕು. ಹಿಂದಿನ ಸೈಟು ಆದ್ರ ಗುಂಡು ಯಾವ ಕಡಿ ಹೋಗಬೇಕೋ ಆ ಕಡಿಗೇ, ಮುಂದಿನದು ಆದ್ರ ಅದರ ಎದುರು ಕಡಿಗೆ. ಇದಕ್ಕ ಜೀರೋ ಮಾಡೋದು ಅಂತಾರ. ಒಂದೊಂದು ಗುಂಡಿಗೂ ತಿರುಪು ತಿರುವಿದ್ರ ಎಂದೂ ಸರಿ ಆಗಂಗಿಲ್ಲ, ಸಾರಿಗೆ ಗಳಿಗಿಗೊಮ್ಮೆ ಉಪ್ಪು-ನೀರು ಹಾಕಿದಂಗ ಕೆಡ್ತತಿ.

ಮನಿ ದೊಡ್ಡೋರಿಗೆ ನಾ ಕಾಗದ ತೋರಿಸಿ ಇನ್ನ ಎರಡು ಮಾತು ಹೇಳಿದೆ. ಒಂದು, ನಮ್ಮ ಚಿಕ್ಕಬಳ್ಳಾಪುರದಾಗ ಹುಟ್ಟಿದ ಸುಮಾ ಶಿರೂರ್ ಕಥಿ. ಸಂಸಾರ ಮಾಡ್ಕೊಂಡೇ 10 ಮೀಟರ್ ಏರ್ ರೈಫಲ್ ಹೊಡದು 2004ರಾಗ ಏಷ್ಯನ್ ಚಾಂಪಿಯನ್‌ಶಿಪ್ಪಿನಾಗ 400ಕ್ಕ 400 ತಗೊಂಡ್ರು, ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸ್ ಫೈನಲ್ ಮುಟ್ಟಿದ್ರು. ಅವರು ಕಲಿಸಿದ ಅವನಿ ಲೇಖರಾ ಗಾಲಿಕುರ್ಚಿ ಮ್ಯಾಲೆ ಕುಂತು ಟೋಕಿಯೋ, ಪ್ಯಾರಿಸ್ ಎರಡೂ ಪ್ಯಾರಾಲಿಂಪಿಕ್ಸಿನಾಗ ಬಂಗಾರ ತಂದ್ಲು. ಆ ಆಟದಾಗ ನಡುಗುರಿ ಚುಕ್ಕಿ ಬರೀ ಅರ್ಧ ಮಿಲಿಮೀಟರ್, ಸಾಸಿವಿ ಕಾಳಿಗಿಂತ ಸಣ್ಣದು. ದುರ್ಬೀನು ಇಡೋಹಂಗಿಲ್ಲ, ಸಣ್ಣ ತೂತಿನ ಸೈಟು, ಅದಕ್ಕೂ ಕಿಟ್ ಕಿಟ್ ತಿರುಪು.

ಎರಡನೇದು ಅಭಿನವ್ ಬಿಂದ್ರಾಂದು. 2008ರ ಆಗಸ್ಟ್ 11, ಬೀಜಿಂಗ್. ಫೈನಲ್ಲಿಗೆ ಮುಂಚೆ ಪರೀಕ್ಷೆಗಂತ ಹೊಡದ ಗುಂಡು ಎಲ್ಲೋ ಹೋತು. ಸೈಟು ತಾ ಇಟ್ಟಂಗ ಇರಲಿಲ್ಲ. ಅವರು ಅಳ್ತಾ ಕೂಡಲಿಲ್ಲ, ಕೈ ಮ್ಯಾಲೆ ಸಂಶಯಾನೂ ಪಡಲಿಲ್ಲ. ಇದ್ದ ನಾಲ್ಕು ಗಳಿಗ್ಯಾಗ ತಿರುಪು ತಿರುವಿ ಸರಿ ಮಾಡ್ಕೊಂಡ್ರು. ಒಟ್ಟು 700.5 ಅಂಕ, ದೇಶಕ್ಕ ಮೊದಲನೇ ವೈಯಕ್ತಿಕ ಒಲಿಂಪಿಕ್ ಬಂಗಾರ.

ನಮ್ಮ ಹುಡುಗಿ ಮರುವಾರ ಧೈರ್ಯ ಮಾಡಿ ಕೇಳಿದ್ಲು, ಬೇರೆ ಬಂದೂಕು ಕೊಡ್ರಿ ಅಂತ. ಕೊಟ್ರು. ತೂತು ಅಷ್ಟೇ ಅಗಲದಾಗ ಕೂಡಿದ್ವು, ಈ ಸಲ ನಡುಗುರಿ ಹತ್ರ. ಕ್ಯಾಂಪಿಗೆ ಹೆಸರು ಬರಸ್ಯಾಳ, ನಮ್ಮ ತಮ್ಮ ರೊಕ್ಕ ಕಟ್ಯಾನ. ದೊಡ್ಡೋರು ಇನ್ನೂ ಗೊಣಗ್ತಾರ, ಗೊಣಗ್ಲಿ.

ಹೆಣ್ಣುಮಕ್ಕಳಿರೋ ಮನ್ಯೋರಿಗೆ ನಂದು ಒಂದೇ ಮಾತು. ಮಕ್ಕಳು ಪರೀಕ್ಷೆನಾಗ ಆಗ್ಲಿ, ಆಟದಾಗ ಆಗ್ಲಿ ಗುರಿ ತಪ್ಪಿದಾಗ ಕಾಗದ ಇಸ್ಕೊಂಡು ನೋಡ್ರಿ. ತೂತು ಹಂಚಿ ಹೋಗ್ಯಾವೋ, ಒಂದೇ ಕಡಿ ಕೂಡ್ಯಾವೋ? ಹಂಚಿ ಹೋಗಿದ್ರ ಇನ್ನ ಅಭ್ಯಾಸ ಬೇಕು. ಒಂದೇ ಕಡಿ ಕೂಡಿದ್ರ ಮಕ್ಕಳನ್ನ ಬೈಬ್ಯಾಡ್ರಿ, ತಿರುಪು ಎಲ್ಲೈತಿ ಹುಡುಕ್ರಿ. ಕ್ಯಾಂಪಿಗೆ ಹೊಂಟೋಳಿಗೆ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಕಟ್ಟಬೇಕು, ಹತ್ತು ದಿನಕ್ಕ ಎಷ್ಟು ಬೇಕಾಗ್ತಾವು ಅಂತ ಗೊತ್ತಿದ್ದೋರು ತಿಳಿಸ್ರಿ.