ವಿಶ್ವವಿದ್ಯಾಲಯ ಸಂಗ್ರಹಾಲಯಗಳ ಡಿಜಿಟಲೀಕರಣ: ಅಣ್ಣಿಗೇರಿಯ ತರಗತಿಗೆ ಧಾರವಾಡದ ಕಪಾಟು ತೆರೆಯುವುದೆಂತು?

ಅಣ್ಣಿಗೇರಿ: ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 35 ಕಿ.ಮೀ. ಸಾಗಿದರೆ ಸಿಗುವ ಈ ಪಟ್ಟಣದ ಹೆಸರಿಲ್ಲದ ಕರ್ನಾಟಕ ಇತಿಹಾಸದ ಪುಸ್ತಕ ವಿರಳ. ಬೆಳ್ವೊಲ ಮುನ್ನೂರರ ಮುಖ್ಯ ಪಟ್ಟಣ ಇದೇ. ಕಲ್ಯಾಣ ಚಾಲುಕ್ಯರ ಕೊನೆಯ ಅರಸ ನಾಲ್ವಡಿ ಸೋಮೇಶ್ವರ 12ನೇ ಶತಮಾನದ ಕೊನೆಯಲ್ಲಿ ರಾಜ್ಯಭಾರ ನಡೆಸಿದ್ದೂ ಇಲ್ಲಿಂದಲೇ. ಬಳಪದ ಕಲ್ಲಿನಲ್ಲಿ ಕಟ್ಟಿದ 11ನೇ ಶತಮಾನದ ಅಮೃತೇಶ್ವರ ದೇವಾಲಯ ಇಂದಿಗೂ ಪಟ್ಟಣದ ನಡುವೆ ನಿಂತಿದೆ. ಆದಿಕವಿ ಪಂಪನ ಹೆಸರಂತೂ ಊರಿನೊಡನೆ ಬೆಸೆದುಕೊಂಡೇ ಬಂದಿದೆ.

ಆದರೆ ಈ ಇತಿಹಾಸಕ್ಕೆ ಆಧಾರವಾದ ದಾಖಲೆಗಳನ್ನು ಕಣ್ಣಾರೆ ಕಾಣಬೇಕೆಂದು ಇಲ್ಲಿನ ಕಾಲೇಜು ವಿದ್ಯಾರ್ಥಿಯೊಬ್ಬ ಹಟ ಹಿಡಿದರೆ ಒಂದಲ್ಲ, ನಾಲ್ಕಾರು ಊರು ಸುತ್ತಬೇಕಾಗುತ್ತದೆ. ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ತಿಳಿಸುವುದು ಪಂಪನ ತಮ್ಮ ಜಿನವಲ್ಲಭ ಬರೆಸಿದ ಕುರಿಕ್ಯಾಲದ ಶಾಸನ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಿರುವ ಆ ಬರಹ ಇರುವುದು ತೆಲಂಗಾಣದ ಬಂಡೆಯೊಂದರ ಮೇಲೆ. ಮುಂಬಯಿ ಕರ್ನಾಟಕದ ಊರೂರುಗಳಲ್ಲಿ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರು ತೆಗೆದ ಶಾಸನಗಳ ಪಡಿಯಚ್ಚುಗಳು ಮೈಸೂರಿನ ಶಾಸನಶಾಸ್ತ್ರ ಕಚೇರಿಯಲ್ಲಿವೆ. ಇನ್ನೂ ಹಿಂದಕ್ಕೆ ಹೋದರೆ, 1824ರ ಕಿತ್ತೂರು ಕದನದಲ್ಲಿ ಸೆರೆಸಿಕ್ಕಿದ್ದ ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ ಮುಂದೆ ಈ ಸೀಮೆಯಲ್ಲಿ ಐದುನೂರಕ್ಕೂ ಹೆಚ್ಚು ಶಾಸನಗಳನ್ನು ನಕಲು ಮಾಡಿಸಿದ್ದ. ಆ ಕೈಬರಹದ ಸಂಪುಟಗಳ ಒಂದು ಪ್ರತಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಗೂ ಇನ್ನೊಂದು ಎಡಿನ್‌ಬರೋ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೂ ಸೇರಿದವು.

ಇವೆಲ್ಲಕ್ಕಿಂತ ಹತ್ತಿರದ ಸಂಗ್ರಹವೆಂದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆ. ಪಾಠಕ್ಕಾಗಿ ಈ ಬಗೆಯ ಸಂಗ್ರಹಗಳನ್ನು ಡಿಜಿಟಲೀಕರಿಸಲು ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಅಲ್ಲಿಂದಲೇ ಆರಂಭವಾಗುತ್ತದೆ.

ಸಂಗ್ರಹದ ಹಿನ್ನೆಲೆ

ಸಂಸ್ಥೆ ವಿಶ್ವವಿದ್ಯಾಲಯಕ್ಕಿಂತ ಹಳೆಯದು. ಅಂದಿನ ಮುಂಬಯಿ ಸರ್ಕಾರ 1939ರಲ್ಲಿ ಇದನ್ನು ಸ್ಥಾಪಿಸಿತು, ಆರ್.ಎಸ್. ಪಂಚಮುಖಿ ಮೊದಲ ನಿರ್ದೇಶಕರು. ಊರೂರು ತಿರುಗಿ ಶಾಸನ, ತಾಮ್ರಪಟ, ನಾಣ್ಯ, ಓಲೆಗರಿ, ಶಿಲ್ಪಗಳನ್ನು ಅರಸಿದ ಆ ತಲೆಮಾರಿನ ದುಡಿಮೆಯ ಮೊದಲ ಫಲವಾಗಿ ‘ಕರ್ನಾಟಕ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಪ್ರಥಮ ಸಂಪುಟ 1941ರಲ್ಲಿ ಹೊರಬಂತು. ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ. ಸಂಸ್ಥೆ ಅನಂತರ ಅದರ ಅಂಗವಾಯಿತು.

ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಮೊದಲನೆಯದು ನೋಡುಗರಿಗಾಗಿ ಇರುವುದು, ಎರಡನೆಯದು ಕಲಿಯುವವರಿಗಾಗಿ. ಕಲ್ಕತ್ತ ವಿಶ್ವವಿದ್ಯಾಲಯವು 1937ರಲ್ಲಿ ಅಶುತೋಷ್ ಮ್ಯೂಸಿಯಂ ತೆರೆದದ್ದು ಇದೇ ನಂಬಿಕೆಯಿಂದ. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯವೂ ಈ ಸಾಲಿಗೆ ಸೇರಿದ್ದು. ಇಂಥಲ್ಲಿ ಗಾಜಿನ ಪೆಟ್ಟಿಗೆಯೊಳಗಿರುವ ಸುಂದರ ವಿಗ್ರಹಕ್ಕಿಂತ ಕಪಾಟಿನ ಸೆಳೆಖಾನೆಯಲ್ಲಿರುವ ಒಡೆದ ಮಡಕೆಯ ಚೂರಿಗೆ, ಸವೆದ ನಾಣ್ಯಕ್ಕೆ ಹೆಚ್ಚು ಬೆಲೆ. ಪಾಠ ನಡೆಯುವುದು ಅವುಗಳ ಮೇಲೆ. ಆದರೆ ಈ ಪಾಠ ಕ್ಯಾಂಪಸ್ಸಿನಲ್ಲಿ ಸ್ನಾತಕೋತ್ತರ ಓದುವ ಕೆಲವರಿಗಷ್ಟೇ ದಕ್ಕುತ್ತದೆ. ಸಂಯೋಜಿತ ಕಾಲೇಜುಗಳಲ್ಲಿ ಬಿ.ಎ. ಇತಿಹಾಸ ಓದುವವರಿಗೆ ಪಠ್ಯಪುಸ್ತಕದ ಮಸುಕಾದ ಚಿತ್ರವೇ ಗತಿ.

ಪಡಿಯಚ್ಚಿನ ಮಾತು

ಡಿಜಿಟಲೀಕರಣವೆಂದರೆ ಫೋಟೋ ತೆಗೆದು ಜಾಲತಾಣಕ್ಕೆ ಏರಿಸುವುದು ಎಂಬ ಕಲ್ಪನೆ ವ್ಯಾಪಕವಾಗಿದೆ. ಶಾಸನದ ಉದಾಹರಣೆಯೊಂದೇ ಸಾಕು, ಕೆಲಸ ಅಷ್ಟು ಸರಳವಲ್ಲವೆಂದು ತಿಳಿಯಲು.

ಶಿಲಾಶಾಸನದ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ಕುಳಿಗಳೊಳಗೆ ಕೂರಿಸಿ, ಮೇಲೆ ಮಸಿ ಒತ್ತಿ ತೆಗೆಯುವ ಪ್ರತಿಯೇ ಪಡಿಯಚ್ಚು. ಅದು ಆ ದಿನ ಆ ಕಲ್ಲು ಇದ್ದ ಸ್ಥಿತಿಯ ಸಾಕ್ಷಿ. ಅನಂತರದ ದಶಕಗಳಲ್ಲಿ ಕಲ್ಲು ಮಳೆಗೆ ಸವೆದಿರಬಹುದು, ಸುಣ್ಣ ಬಳಿಸಿಕೊಂಡಿರಬಹುದು, ಜೀರ್ಣೋದ್ಧಾರದ ಹೆಸರಿನಲ್ಲಿ ಗೋಡೆಯೊಳಗೆ ಸೇರಿಹೋಗಿರಬಹುದು. ಆಗ ಮೂಲಕ್ಕಿಂತ ನಕಲೇ ಹೆಚ್ಚು ಅಕ್ಷರಗಳನ್ನು ಉಳಿಸಿಕೊಂಡಿರುತ್ತದೆ. ಆದರೆ ಕಾಗದವೂ ಚಿರಂಜೀವಿಯಲ್ಲ. ಮಡಿಕೆ ಬಿದ್ದಲ್ಲಿ ಹರಿಯುತ್ತದೆ, ಹುಳು ಬೀಳುತ್ತದೆ. ಬಾದಾಮಿ ಚಾಲುಕ್ಯ ಇಮ್ಮಡಿ ಕೀರ್ತಿವರ್ಮನ ಕಾಲದ, ಅಂದರೆ 8ನೇ ಶತಮಾನದ ನಡುಭಾಗದ ಅಣ್ಣಿಗೇರಿ ಶಾಸನವು ಜೆಬುಳಗಿರಿಯ ಕಲಿಯಮ್ಮನೆಂಬ ಗಾವುಂಡ ಜಿನಾಲಯವೊಂದನ್ನು ಕಟ್ಟಿಸಿದ ಸಂಗತಿ ಹೇಳುತ್ತದೆ. ಅಷ್ಟು ಹಳೆಯ ಕನ್ನಡ ಲಿಪಿಯನ್ನು ವಿದ್ಯಾರ್ಥಿ ಓದಲು ಕಲಿಯಬೇಕಾದರೆ ಅಕ್ಷರದ ಪ್ರತಿ ಗೀರೂ ಕಾಣುವ ಚಿತ್ರ ಬೇಕು. ಅಚ್ಚಾದ ಪಾಠವಷ್ಟೇ ಸಾಲದು.

ಸವೆದ ಅಕ್ಷರಗಳಿಗೆ ಒಂದು ಉಪಾಯವಿದೆ. ಕ್ಯಾಮೆರಾವನ್ನು ಕದಲಿಸದೆ, ದೀಪವನ್ನು ಮಾತ್ರ ಬೇರೆ ಬೇರೆ ದಿಕ್ಕಿನಲ್ಲಿ ಹಿಡಿದು ಹತ್ತಾರು ಚಿತ್ರ ತೆಗೆದು ಗಣಕದಲ್ಲಿ ಬೆಸೆಯುವ ತಂತ್ರವಿದು. ಇದರ ಮೂಲ ರೂಪವನ್ನು ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಪ್ರಯೋಗಾಲಯದ ಟಾಮ್ ಮಾಲ್ಸ್‌ಬೆಂಡರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ್ದರು. ಪರದೆಯ ಮೇಲೆ ಬೆಳಕನ್ನು ಬೇಕಾದತ್ತ ತಿರುಗಿಸಿ ವಿದ್ಯಾರ್ಥಿಯೇ ಅಕ್ಷರ ಹುಡುಕಬಹುದು. ಸಾಧಾರಣ ಕ್ಯಾಮೆರಾ, ಒಂದು ದೀಪ, ಹೊಳೆಯುವ ಒಂದು ಗೋಲಿ ಇದ್ದರೆ ಕೆಲಸ ನಡೆಯುತ್ತದೆ. ಉಪಕರಣ ದುಬಾರಿಯಲ್ಲ, ಕೂತು ಮಾಡುವವರ ಸಂಬಳ ದುಬಾರಿ.

ಎರಡು ಸಚಿವಾಲಯಗಳ ನಡುವೆ

ಕೇಂದ್ರದಲ್ಲಿ ವಸ್ತುಸಂಗ್ರಹಾಲಯಗಳು ಸಂಸ್ಕೃತಿ ಸಚಿವಾಲಯದ ವಿಷಯ, ವಿಶ್ವವಿದ್ಯಾಲಯಗಳು ಶಿಕ್ಷಣ ಸಚಿವಾಲಯದ ವಿಷಯ. ವಿಶ್ವವಿದ್ಯಾಲಯದೊಳಗಿನ ವಸ್ತುಸಂಗ್ರಹಾಲಯ ಯಾರಿಗೆ ಸೇರಿದ್ದು? ಇಬ್ಬರಿಗೂ ಸೇರಿದ್ದು ಯಾರಿಗೂ ಸೇರದಂತಾಗಿರುವುದು ಇಲ್ಲಿನ ತೊಡಕು.

ಸಂಸ್ಕೃತಿ ಸಚಿವಾಲಯದ ಸಂಗ್ರಹಾಲಯ ಅನುದಾನ ಯೋಜನೆಯಲ್ಲಿ ಹೊಸ ಕಟ್ಟಡ, ಹಳೆಯದರ ಅಭಿವೃದ್ಧಿ, ಸಿಬ್ಬಂದಿ ತರಬೇತಿಯ ಜತೆಗೆ ಕಲಾವಸ್ತುಗಳ ಚಿತ್ರ ಮತ್ತು ಸೂಚಿಗಳನ್ನು ಅಂತರ್ಜಾಲದಲ್ಲಿ ಒದಗಿಸುವುದಕ್ಕೂ ನೆರವಿನ ಅವಕಾಶವಿದೆ. ಇದೇ ಸಚಿವಾಲಯ ಪುಣೆಯ ಸಿ-ಡ್ಯಾಕ್ ಸಿದ್ಧಪಡಿಸಿದ ‘ಜತನ್’ ತಂತ್ರಾಂಶ ಬಳಸಿ ‘ಮ್ಯೂಸಿಯಮ್ಸ್ ಆಫ್ ಇಂಡಿಯಾ’ ಎಂಬ ರಾಷ್ಟ್ರೀಯ ಜಾಲತಾಣ ಕಟ್ಟಿತು. ಮೊದಲ ಕಂತಿನಲ್ಲಿ ಸೇರಿದ್ದು 10 ಸಂಗ್ರಹಾಲಯಗಳು: ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂ, ಹೈದರಾಬಾದಿನ ಸಾಲಾರ್ ಜಂಗ್ ಮುಂತಾದವು. ಕರ್ನಾಟಕದಿಂದ ಇದ್ದುದು ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಒಂದೇ. ವಿಶ್ವವಿದ್ಯಾಲಯದ ಸಂಗ್ರಹಾಲಯ ಆ ಹತ್ತರಲ್ಲಿ ಒಂದೂ ಇರಲಿಲ್ಲ.

ಹಸ್ತಪ್ರತಿಗಳ ಅದೃಷ್ಟ ಸ್ವಲ್ಪ ಭಿನ್ನ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದ ಮುಂದುವರಿಕೆಯಾಗಿ 2025–26ರ ಕೇಂದ್ರ ಬಜೆಟ್‌ನಲ್ಲಿ ‘ಜ್ಞಾನ ಭಾರತಂ’ ಘೋಷಣೆಯಾಯಿತು, 3.5 ಕೋಟಿ ರೂ. ಇದ್ದ ಅನುದಾನ 60 ಕೋಟಿ ರೂ.ಗೆ ಏರಿತು. ಒಂದು ಕೋಟಿಗೂ ಮಿಕ್ಕಿದ ಹಸ್ತಪ್ರತಿಗಳ ಸಮೀಕ್ಷೆ, ದಾಖಲೀಕರಣ ಇದರ ಗುರಿ; ಶಿಕ್ಷಣ ಸಂಸ್ಥೆಗಳ ಹೆಸರು ಘೋಷಣೆಯಲ್ಲೇ ಇತ್ತು. ಓಲೆಗರಿಗೆ ಇದು ವರದಾನವೇ ಸರಿ. ಆದರೆ ಅದೇ ಕಟ್ಟಡದ ಪಕ್ಕದ ಕೋಣೆಯಲ್ಲಿರುವ ನಾಣ್ಯ, ವೀರಗಲ್ಲುಗಳು ಹಸ್ತಪ್ರತಿಗಳಲ್ಲವಲ್ಲ!

ಶಿಕ್ಷಣ ಸಚಿವಾಲಯದ ಕಡೆ ಬಂದರೆ, ರಾಜ್ಯ ವಿಶ್ವವಿದ್ಯಾಲಯಗಳಿಗಾಗಿ 2023–26ರ ಅವಧಿಗೆ ಪಿಎಂ-ಉಷಾ ಯೋಜನೆಯಡಿ 12,926.10 ಕೋಟಿ ರೂ. ನಿಗದಿಯಾಯಿತು, ಕರ್ನಾಟಕದಂಥ ರಾಜ್ಯಗಳಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಇಂಥ ಅನುದಾನಕ್ಕೆ ಪ್ರಸ್ತಾವ ಸಿದ್ಧವಾಗುವಾಗ ಪ್ರಯೋಗಾಲಯ, ತರಗತಿ, ವಸತಿನಿಲಯಗಳು ಮುಂಚೂಣಿಯಲ್ಲಿ ನಿಲ್ಲುವುದು ಸಹಜ. ಬೋಧನಾ ಸಾಮಗ್ರಿಯೆಂದು ಹೇಳಿಕೊಳ್ಳಲು ಅರ್ಹವಾದ ಸಂಗ್ರಹಾಲಯ ಹಿಂದಿನ ಸಾಲಿಗೆ ಸರಿಯುತ್ತದೆ. ವೇತನ, ಪಿಂಚಣಿಯ ಹೊರೆಯಲ್ಲಿ ಬಳಲುತ್ತಿರುವ ರಾಜ್ಯದ ಹಳೆಯ ವಿಶ್ವವಿದ್ಯಾಲಯಗಳ ಸ್ವಂತ ಬಜೆಟ್ಟಿನಿಂದ ಇದಕ್ಕೆ ದೊಡ್ಡ ಮೊತ್ತ ನಿರೀಕ್ಷಿಸುವಂತಿಲ್ಲ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ರಾಷ್ಟ್ರೀಯ ಪರಂಪರೆಯ ರಕ್ಷಣೆಯೂ ಸೇರಿರುವುದರಿಂದ ದೊಡ್ಡ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆಂದು ತೆಗೆದಿಡುವ ಲಾಭದ ಶೇ 2ರಲ್ಲಿ ಪಾಲು ಕೇಳಲು ದಾರಿಯಿದೆ. ಕಂಪನಿಗಳಿಗೆ ಫಲಕ ಹಾಕಿಸಲು ಕಟ್ಟಡವೇ ಇಷ್ಟ. ಸೂಚಿಪಟ್ಟಿಗೆ ಫಲಕ ಹಾಕಲಾಗದು.

ಹಣ ಕೇಳುವ ಕೆಲಸ ಯಾವುದು?

ಡಿಜಿಟಲೀಕರಣದ ಅಂದಾಜುಪಟ್ಟಿಗಳು ಸಾಮಾನ್ಯವಾಗಿ ಎಡವುವುದು ವಿವರ ಬರೆಯುವ ಕೆಲಸದಲ್ಲಿ. ಒಂದು ನಾಣ್ಯದ ಎರಡು ಮುಖಗಳ ಚಿತ್ರ ತೆಗೆಯಲು ಕೆಲವು ನಿಮಿಷ ಸಾಕು. ಅದರ ತೂಕ, ಲೋಹ, ಅರಸ, ಸಿಕ್ಕ ಊರು, ಸಿಕ್ಕ ವರ್ಷಗಳನ್ನು ಹಳೆಯ ದಾಖಲಾತಿ ಪುಸ್ತಕದಿಂದ ಹುಡುಕಿ ಸರಿಯಾಗಿ ಬರೆಯಲು ಒಮ್ಮೊಮ್ಮೆ ಅರ್ಧ ದಿನ ಬೇಕು.

ಊರಿನ ಹೆಸರೇ ಒಂದು ಸಮಸ್ಯೆ. 1997ಕ್ಕೆ ಮುನ್ನ ಗದಗ, ಹಾವೇರಿಗಳೂ ಧಾರವಾಡ ಜಿಲ್ಲೆಯೇ. ಆಗಿನ ಪುಸ್ತಕಗಳಲ್ಲಿ ಲಕ್ಕುಂಡಿಯ ವಸ್ತು ‘ಧಾರವಾಡ ಜಿಲ್ಲೆ’ ಎಂದೇ ದಾಖಲಾಗಿರುತ್ತದೆ. 2017–18ರ ರಾಜ್ಯ ಬಜೆಟ್‌ನಲ್ಲಿ ಹೊಸ ತಾಲ್ಲೂಕೆಂದು ಘೋಷಿತವಾಗುವ ತನಕ ಅಣ್ಣಿಗೇರಿ ನವಲಗುಂದ ತಾಲ್ಲೂಕಿನಲ್ಲಿತ್ತು. ‘ಅಣ್ಣಿಗೇರಿ ತಾಲ್ಲೂಕು’ ಎಂದು ಹುಡುಕುವ ವಿದ್ಯಾರ್ಥಿಗೆ ಹಳೆಯ ದಾಖಲೆ ಸಿಗಬೇಕಾದರೆ ಯಾರಾದರೂ ಕೂತು ಎರಡನ್ನೂ ಜೋಡಿಸಿರಬೇಕು.

ಅದಕ್ಕಿಂತ ದೊಡ್ಡದು ಭಾಷೆಯ ಪ್ರಶ್ನೆ. ರಾಷ್ಟ್ರೀಯ ಜಾಲತಾಣದ ವಸ್ತುವಿವರಗಳು ಮುಖ್ಯವಾಗಿ ಇಂಗ್ಲಿಷಿನಲ್ಲಿವೆ. ವೀರಗಲ್ಲು, ಮಾಸ್ತಿಗಲ್ಲು, ಗದ್ಯಾಣ, ಕಡತ ಇವು ಕನ್ನಡದ ಪಾರಿಭಾಷಿಕ ಪದಗಳು. ಕನ್ನಡ ಮಾಧ್ಯಮದ ವಿದ್ಯಾರ್ಥಿ ಹುಡುಕುವುದು ಇವುಗಳಿಂದಲೇ. ಕನ್ನಡದಲ್ಲಿ ಹಿಂದೆಯೇ ಬೆರಳಚ್ಚಾದ ಪಟ್ಟಿಗಳಿದ್ದರೂ ಅವು ಕೂಡಲೇ ಉಪಯೋಗಕ್ಕೆ ಬರುತ್ತವೆಂದು ಭಾವಿಸುವಂತಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸದಿದ್ದರೆ ಹುಡುಕಾಟ ಯಂತ್ರಕ್ಕೆ ಅವು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ರಾಶಿ. ಪರಿವರ್ತನೆಯಾದ ಮೇಲೂ ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಬೇಕು.

ಎಲ್ಲವನ್ನೂ ಬಯಲಿಗಿಡಬೇಕೆಂದೂ ಇಲ್ಲ. 2010ರಲ್ಲಿ ಅಣ್ಣಿಗೇರಿಯಲ್ಲಿ ನೆಲ ಅಗೆಯುವಾಗ ನೂರಾರು ಮಾನವ ತಲೆಬುರುಡೆಗಳು ಸಾಲುಸಾಲಾಗಿ ಕಂಡು ರಾಜ್ಯವೇ ಬೆರಗಾಗಿತ್ತು. ಡೋಗಿ ಬರದ ಕಾಲದವೋ, ಯಾವುದೋ ಯುದ್ಧದವೋ ಎಂದು ಆಗ ಚರ್ಚೆಗಳಾದವು. ಇಂಥ ಅವಶೇಷಗಳು ಹೇಗೆ, ಯಾವ ಆಳದಲ್ಲಿ, ಯಾವ ಕ್ರಮದಲ್ಲಿ ಸಿಕ್ಕವೆಂಬ ದಾಖಲೆ ಪಾಠಕ್ಕೆ ಅಮೂಲ್ಯ. ಸತ್ತವರ ಮುಖಗಳ ಚಿತ್ರಗಳನ್ನು ಎಲ್ಲರ ಮೊಬೈಲಿಗೆ ತಲುಪಿಸುವುದು ಬೇರೆಯೇ ಮಾತು.

ಅನುದಾನ ಮುಗಿದ ಮರುದಿನ

ಒಂದು ಲೆಕ್ಕ ನೋಡಬಹುದು. 5,000 ವಸ್ತುಗಳಿಗೆ ತಲಾ ನಾಲ್ಕು ಚಿತ್ರ, ಪ್ರತಿ ಮೂಲ ಕಡತ 60 ಮೆಗಾಬೈಟ್ ಎಂದುಕೊಂಡರೆ ಒಟ್ಟು ಸುಮಾರು 1.2 ಟೆರಾಬೈಟ್. ಮೂರು ಪ್ರತಿ ಇಟ್ಟರೂ ಇಂದಿನ ದಿನಗಳಲ್ಲಿ ದೊಡ್ಡ ಖರ್ಚಲ್ಲ. ಆದರೆ ಡಿಸ್ಕ್ ಬದಲಿಸುವ, ಸರ್ವರ್ ಬಾಡಿಗೆ ಕಟ್ಟುವ, ಮುರಿದ ಕೊಂಡಿ ಸರಿಪಡಿಸುವ ಕೆಲಸ ಪ್ರತಿವರ್ಷದ್ದು. ಯೋಜನೆಗಳ ಹಣ ಬರುವುದು ಒಮ್ಮೆ.

ಇದರ ಪಾಠ ಕರ್ನಾಟಕದಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ಈ ಶತಮಾನದ ಆರಂಭದಲ್ಲಿ ರೂಪುಗೊಂಡ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ದಲ್ಲಿ ಅಪಾರ ಸಂಖ್ಯೆಯ ಹಳೆಯ ಕನ್ನಡ ಪುಸ್ತಕಗಳಿದ್ದವು. ಹಕ್ಕುಸ್ವಾಮ್ಯದ ತಕರಾರುಗಳ ನಡುವೆ 2017ರ ಹೊತ್ತಿಗೆ ಆ ತಾಣವೇ ಮುಚ್ಚಿತು. ಆಸಕ್ತರು ಅಮೆರಿಕದ ಇಂಟರ್‌ನೆಟ್ ಆರ್ಕೈವ್‌ಗೆ ಪ್ರತಿಗಳನ್ನು ಸಾಗಿಸಿದ್ದರಿಂದ ಇಂದಿಗೂ ಆ ಪುಸ್ತಕಗಳು ಸಿಗುತ್ತಿವೆ. ಬ್ರಿಟನ್ನಿನಲ್ಲಿ ಉನ್ನತ ಶಿಕ್ಷಣಕ್ಕೆ ಗಣಕ ಸೌಲಭ್ಯ ಒದಗಿಸುವ ಜಿಸ್ಕ್ ಸಂಸ್ಥೆ 2004ರಿಂದ 2009ರ ನಡುವೆ 2 ಕೋಟಿ 20 ಲಕ್ಷ ಪೌಂಡ್ ಹಣವನ್ನು ಬೋಧನೆ, ಸಂಶೋಧನೆಗಾಗಿ ಡಿಜಿಟಲೀಕರಣಕ್ಕೆ ವಿನಿಯೋಗಿಸಿತು. ಅನುದಾನ ಮುಗಿದ ಮೇಲೆ ತಾಣಗಳನ್ನು ನಡೆಸುವವರು ಯಾರು ಎಂಬ ಪ್ರಶ್ನೆ ಅಲ್ಲಿಯೂ ಎದುರಾಯಿತು.

ಕೈಯಲ್ಲಿರುವ ಮಾದರಿ

ವಿಶ್ವವಿದ್ಯಾಲಯದ ಹೊರಗೆ ನಡೆದಿರುವ ಒಂದು ಕೆಲಸವನ್ನು ಇಲ್ಲಿ ಹೆಸರಿಸಲೇಬೇಕು. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ರಾಜಧಾನಿಯ ಸುತ್ತಮುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನರ್‌ನಿಂದ ದಾಖಲಿಸುತ್ತ ಬಂದಿದೆ. ಕಲ್ಲಿನ ಮಾದರಿ, ಪ್ರತಿ ಅಕ್ಷರದ ಬಿಡಿಚಿತ್ರ, ಓದು ಎಲ್ಲವೂ ಜತೆಗಿರುವುದರಿಂದ ಲಿಪಿ ಕಲಿಸುವ ಮೇಷ್ಟ್ರು ಅದನ್ನು ನೇರವಾಗಿ ತರಗತಿಗೆ ಒಯ್ಯಬಹುದು. ಕಲ್ಲುಗಳು ಬೆಳೆಯುವ ನಗರದ ಚರಂಡಿ, ರಸ್ತೆ ಕಾಮಗಾರಿಗಳಿಗೆ ಬಲಿಯಾಗುವ ಮುನ್ನ ದಾಖಲಾಗಬೇಕೆಂಬ ತುರ್ತು ಆ ಯೋಜನೆಯ ಹಿಂದಿದೆ.

ಬೆಳ್ವೊಲದಲ್ಲಿ ಬೆಂಗಳೂರಿನಷ್ಟು ಭರದ ಕಾಮಗಾರಿಗಳಿಲ್ಲ. ಬೆಂಗಳೂರಿನಷ್ಟು ದಾನಿಗಳೂ ಇಲ್ಲ. ಇಲ್ಲಿ ಕೆಲಸ ಆರಂಭವಾಗುವುದಾದರೆ ಅದು ಧಾರವಾಡದ ದಾಖಲಾತಿ ಪುಸ್ತಕದ ಮೊದಲ ಪುಟದಿಂದ, ಇಬ್ಬರು ಶಾಸನ ಬಲ್ಲವರ ಎರಡು ಮೂರು ವರ್ಷದ ಸಂಬಳದಿಂದ. ಸಂಸ್ಕೃತಿ ಸಚಿವಾಲಯಕ್ಕೆ ಹೋಗುವ ಪ್ರಸ್ತಾವದಲ್ಲಿ ಸಂಗ್ರಹಾಲಯವೆಂದೂ, ಶಿಕ್ಷಣ ಸಚಿವಾಲಯಕ್ಕೆ ಹೋಗುವ ಪ್ರಸ್ತಾವದಲ್ಲಿ ಬೋಧನಾ ಪ್ರಯೋಗಾಲಯವೆಂದೂ ಅದೇ ಕೋಣೆಯನ್ನು ಬಣ್ಣಿಸಿದರೆ ಎರಡೂ ಸತ್ಯವೇ.